ವಿಚ್ಛೇದನದ ಬೆಳಗ್ಗೆ ಕೆಟ್ಟ ರೌಟರ್

೧

ಎಲ್ಲಿಂದ ಶುರು ಮಾಡಲಿ, ಓದುಗರೇ? ರೌಟರಿನಿಂದ ಶುರು ಮಾಡಿದರೆ ಇದು ಯಾವುದೋ ರಿಪೇರಿ ಕೈಪಿಡಿ ಎಂದುಕೊಂಡು ಪುಟ ಮಗುಚುತ್ತೀರಿ. ಗಂಡ ಹೆಂಡತಿಯಿಂದ ಶುರು ಮಾಡಿದರೆ, ಓಹೋ ಅದೇ ಹಳೇ ರಾಗ ಎಂದು ಆಕಳಿಸುತ್ತೀರಿ. ಮುದುಕಿಯಿಂದ ಶುರು ಮಾಡೋಣವೆಂದರೆ ಮುದುಕಿಯೇ ಒಪ್ಪುತ್ತಿಲ್ಲ. ‘ನನ್ನನ್ನ ಮೊದಲಿಗೇ ತಂದು ನಿಲ್ಲಿಸಿದರೆ ಎಲ್ಲರೂ ಅಯ್ಯೋ ಪಾಪ ಅಂತಾರೆ. ಆಮೇಲೆ ಕಥೆ ಪೂರ್ತಿ ಅಯ್ಯೋ ಪಾಪ ಆಗಿಬಿಡುತ್ತೆ. ನಾನು ಅಡುಗೆಮನೇಲಿರ್ತೀನಿ, ಬೇಕಾದಾಗ ಕರಿ’ ಎಂದು ಒಳಗೆ ಹೋಗಿ ಕೂತಿದ್ದಾಳೆ.

ಮೊದಲ ಡ್ರಾಫ್ಟ್ ಹೀಗಿತ್ತು: ‘ಹಾಲ್‌ನ ಮೂಲೆಯಲ್ಲಿ, ಚಪ್ಪಲಿ ಕಪಾಟಿನ ಮೇಲೆ ತಣ್ಣಗೆ ಬಿದ್ದಿದ್ದ ಆ ರೌಟರ್, ಆ ದಾಂಪತ್ಯದ ಹಾಗೆಯೇ...’

ಥೂ. ಅಲ್ಲಿಗೇ ಹೊಡೆದುಹಾಕಿದೆ. ರೌಟರ್ ಯಾವುದರ ಹಾಗೂ ಇರಲಿಲ್ಲ. ಕೆಟ್ಟಿತ್ತು, ಅಷ್ಟೇ.

ಎರಡನೆಯ ಡ್ರಾಫ್ಟಿನಲ್ಲಿ ಗಂಡನಿಗೊಂದು ಕಳ್ಳ ಸಂಬಂಧ ಕಟ್ಟಿದ್ದೆ, ಕಥೆಗೆ ಸ್ವಲ್ಪ ಬಿಸಿ ಇರಲಿ ಅಂತ. ಹೆಂಡತಿ ಓದಿ ನಕ್ಕಳು. ‘ಇವರಿಗೆ ಅಷ್ಟು ಉತ್ಸಾಹ ಎಲ್ಲಿದೆ ಸಾರ್?’ ಎಂದಳು. ಗಂಡನೂ ನಕ್ಕ. ಆ ಇಬ್ಬರೂ ಒಂದೇ ಮಾತಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದನ್ನೂ ಹರಿದುಹಾಕಿದೆ.

ಹಾಗಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವತ್ತು ಆ ಗಂಡ ಹೆಂಡತಿಯ ವಿಚ್ಛೇದನದ ಕೊನೆಯ ವಿಚಾರಣೆ. ನ್ಯಾಯಾಲಯ ಅದನ್ನು ವೀಡಿಯೋ ಕರೆಯಲ್ಲಿ ನಡೆಸುವುದಾಗಿ ಹೇಳಿತ್ತು. ಊಟದ ಹೊತ್ತಿಗೆ ಮುಂಚೆ ಇಬ್ಬರೂ ಅವರವರ ಫೋನಿನಲ್ಲಿ ಹಾಜರಿರಬೇಕು. ಬೆಳಗ್ಗೆ ಎದ್ದು ನೋಡಿದರೆ ರೌಟರಿನ ಒಂದು ದೀಪವೂ ಉರಿಯುತ್ತಿಲ್ಲ.

೨

ಕಥೆಯಲ್ಲಿ ಇರುವವರು ಮೂವರು.

ಹೆಂಡತಿ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಕಟ್ಟುಹಲ್ಲು ತಯಾರಿಸುವವಳು. ಯಾರದೋ ಬಾಯೊಳಗೆ ಯಾರಿಗೂ ಕಾಣದ ದವಡೆಹಲ್ಲಿನ ಗೆರೆಗಳನ್ನೂ ಮೇಣದಲ್ಲಿ ಕೊರೆದು ಕೂರಿಸುತ್ತಾಳೆ. ಅವಳನ್ನು ಹಲ್ಲಿನವಳು ಎಂದು ಕರೆಯೋಣ.

(‘ಬೇರೆ ಹೆಸರು ಸಿಗಲಿಲ್ವಾ ನಿಮಗೆ?’

‘ವಕೀಲರು ನಿನ್ನನ್ನ ಒಂದನೇ ಅರ್ಜಿದಾರಳು ಅಂತ ಕರೀತಾರೆ. ಅದಾಗುತ್ತಾ?’

‘ಹಲ್ಲಿನವಳೇ ಇರಲಿ ಬಿಡಿ.’)

ಗಂಡ ಲಿಫ್ಟ್ ಇನ್‌ಸ್ಪೆಕ್ಟರ್. ಎತ್ತರದ ಕಟ್ಟಡಗಳಿಗೆ ಹೋಗಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಹಗ್ಗ, ಬ್ರೇಕು, ಬಾಗಿಲು ನೋಡಿ, ಸರಿಯಿದೆ ಎಂದು ಸಹಿ ಹಾಕಿ ಬರುವವನು. ಅವನು ಸಹಿ ಹಾಕಿದ ಲಿಫ್ಟ್ ಇದುವರೆಗೆ ಬಿದ್ದಿಲ್ಲ. ಮನೆಯಲ್ಲಿ ಅವನ ಮಾತು ಕಡಿಮೆ. ಕಡಿಮೆ ಎಂದರೆ, ಊಟ ಬಡಿಸಿದರೆ ತಿನ್ನುತ್ತಾನೆ, ಬಡಿಸದಿದ್ದರೆ ಯಾಕೆ ಎಂದೂ ಕೇಳುವುದಿಲ್ಲ. ಲಿಫ್ಟಿನವನು.

ಮೂರನೆಯವಳು ಅವನ ತಾಯಿ, ಇವಳ ಅತ್ತೆ. ಅಡುಗೆಮನೆಯಲ್ಲಿದ್ದಾಳೆ. ಅವಳೇ ಹೇಳಿದ ಹಾಗೆ, ಬೇಕಾದಾಗ ಕರೆಯೋಣ.

ಮಕ್ಕಳಿಲ್ಲ. ಮನೆ ಬಾಡಿಗೆಯದು, ನೆಲಮಹಡಿ, ಸುತ್ತ ಎದ್ದು ನಿಂತ ಕಟ್ಟಡಗಳ ನಡುವೆ ಬಾವಿಯ ತಳದ ಹಾಗಿದೆ. ಮೊಬೈಲ್ ಸಿಗ್ನಲ್ ಬರುವುದು ಬಚ್ಚಲಮನೆಯ ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ಮಾತಾಡಬಹುದು, ಮುಖ ತೋರಿಸಲಾಗುವುದಿಲ್ಲ. ಬೇರೆಯಾಗುವ ಒಪ್ಪಂದವಾದ ಮೇಲೂ ಇಬ್ಬರೂ ಅದೇ ಮನೆಯಲ್ಲಿದ್ದರು, ಅವಳು ಮುಂದಿನ ಕೋಣೆಯಲ್ಲಿ, ಅವನು ಹಿಂದಿನ ಕೋಣೆಯಲ್ಲಿ. ಸಾಮಾನುಗಳಿಗೆ ಬಣ್ಣದ ಚುಕ್ಕಿ ಅಂಟಿಸಿ ಹಂಚಿಕೊಂಡಿದ್ದರು. ಹಸಿರು ಚುಕ್ಕಿ ಅವಳದು, ಹಳದಿ ಅವನದು. ಫ್ರಿಜ್ಜಿಗೆ ಹಸಿರು, ವಾಷಿಂಗ್ ಮೆಷೀನಿಗೆ ಹಳದಿ. ಇಸ್ತ್ರಿಪೆಟ್ಟಿಗೆಗೆ ಮೊದಲು ಹಳದಿ ಇತ್ತು, ಜಗಳವಾಗಿ ಹಸಿರಾಯಿತು. ರೌಟರಿಗೆ ಚುಕ್ಕಿ ಇರಲಿಲ್ಲ. ಅದು ಇಂಟರ್ನೆಟ್ ಕಂಪನಿಯ ಸ್ವತ್ತು.

೩

‘ನೀವೇ ಏನೋ ಮಾಡಿರಬೇಕು’ ಎಂದ ಲಿಫ್ಟಿನವನು, ಗೋಡೆಯ ಸ್ವಿಚ್ಚನ್ನು ಹಾಕುತ್ತ ತೆಗೆಯುತ್ತ.

‘ನಾನಾ? ಇವತ್ತಿಗೋಸ್ಕರ ಕ್ಯಾಲೆಂಡರ್ ನೋಡ್ಕೊಂಡು ಕೂತಿರೋಳು ನಾನು. ಮನಸ್ಸಿಲ್ಲದಿರೋದು ನಿಮಗೆ.’

‘ನನಗೆ ಮನಸ್ಸಿಲ್ವಾ? ಮೊದಲು ಸಹಿ ಹಾಕಿದ್ದು ಯಾರು?’

‘ಪೆನ್ನು ನಿಮ್ಮ ಜೇಬಲ್ಲಿತ್ತು, ಅದಕ್ಕೆ.’

ಈ ‘ನೀವು’ ಎಂಬುದನ್ನು ಗಮನಿಸಿದಿರಾ? ಮದುವೆಯಾದಾಗಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು ‘ನೀನು’ ಎನ್ನುತ್ತಿದ್ದವರು. ಅರ್ಜಿ ಹಾಕಿದ ದಿನ ವಕೀಲರ ಆಫೀಸಿನ ಮೆಟ್ಟಿಲಿಳಿಯುವಾಗ ಅವಳು ‘ನೀವು ಮುಂದೆ ಹೋಗಿ’ ಎಂದಳು. ಅವನು ಒಂದು ಮೆಟ್ಟಿಲು ತಪ್ಪಿದ. ಮನೆಗೆ ಬಂದು ‘ನೀವು ಊಟ ಮಾಡಿದ್ರಾ?’ ಎಂದು ಬಡ್ಡಿ ಸಮೇತ ವಾಪಸ್ ಕೊಟ್ಟ. ಕನ್ನಡದಲ್ಲಿ ಗೌರವ ಎಂಬುದನ್ನು ಇಷ್ಟು ಕಟುವಾಗಿ ಬಳಸಬಹುದು ಎಂದು ನನಗೂ ಆಮೇಲೆಯೇ ತಿಳಿದದ್ದು.

ಅವನು ಬಚ್ಚಲಮನೆಯ ಕಿಟಕಿಗೆ ಹೋಗಿ ಕಂಪನಿಗೆ ಫೋನ್ ಹಚ್ಚಿದ. ರೆಕಾರ್ಡ್ ಮಾಡಿದ ಹೆಣ್ಣುದನಿ ಸಕ್ಕರೆಯಂತೆ ಮಾತಾಡಿತು: ರೌಟರನ್ನು ರೀಸ್ಟಾರ್ಟ್ ಮಾಡಿ, ದೀಪ ಹಸಿರಾದರೆ ಒಂದು ಒತ್ತಿ, ಕೆಂಪಾದರೆ ಎರಡು ಒತ್ತಿ. ದೀಪವೇ ಇಲ್ಲದವರು ಏನು ಒತ್ತಬೇಕು ಎಂದು ಅದು ಹೇಳಲಿಲ್ಲ. ಅವನು ಎಲ್ಲವನ್ನೂ ಒತ್ತಿದ. ಕೊನೆಗೆ ನಿಜವಾದ ಮನುಷ್ಯನೊಬ್ಬ ಸಿಕ್ಕಿ, ‘ನಾಳೆ ನಮ್ಮವರು ಬರ್ತಾರೆ ಸರ್, ದಿನಪೂರ್ತಿ ಮನೇಲಿರಿ’ ಎಂದ.

‘ನಾಳೆ ಆಗಲ್ಲ. ಇವತ್ತೇ ಬೇಕು.’

‘ಏನಾದ್ರೂ ಅರ್ಜೆಂಟಾ ಸರ್?’

ಲಿಫ್ಟಿನವನು ಬಕೆಟ್ಟನ್ನು ನೋಡುತ್ತ ನಿಂತ. ‘ಮೀಟಿಂಗ್ ಇದೆ’ ಎಂದ.

ವಕೀಲರಿಗೆ ಫೋನ್ ಮಾಡಿದ್ದು ಹಲ್ಲಿನವಳು. ವಕೀಲರು ಬೈದರು. ಈ ನ್ಯಾಯಾಧೀಶರಿಗೆ ವರ್ಗವಾಗಿದೆ, ಇವತ್ತು ತಪ್ಪಿದರೆ ಹೊಸಬರ ಮುಂದೆ ಮತ್ತೆ ಅ ಆ ಇ ಈ ಯಿಂದ ಶುರು ಎಂದರು. ತಮ್ಮ ಆಫೀಸಿಗೆ ಬರುವುದಾದರೆ ಬನ್ನಿ, ಆದರೆ ಹೆದ್ದಾರಿಯಲ್ಲಿ ಲಾರಿ ಮಗುಚಿ ರಸ್ತೆ ಕಟ್ಟಿದೆ ಎಂದೂ ಸೇರಿಸಿದರು. ಎದುರುಮನೆಯವಳ ವೈಫೈ ಕೇಳಬಹುದಿತ್ತು. ಕೇಳಿದ್ದರೆ ವಿಚ್ಛೇದನದ ಸುದ್ದಿ ನ್ಯಾಯಾಧೀಶರಿಗಿಂತ ಮೊದಲು ಇಡೀ ಬೀದಿಗೆ ಗೊತ್ತಾಗುತ್ತಿತ್ತು.

‘ಬಿಚ್ಚಿ ನೋಡೋಣ’ ಎಂದಳು ಹಲ್ಲಿನವಳು.

‘ಕಂಪನಿಯದು. ಬಿಚ್ಚಬಾರದು.’

‘ಹಾಗಾದರೆ ಬಿಚ್ಚಬೇಡಿ. ಇನ್ನೆರಡು ವರ್ಷ ಹೀಗೇ ಇರೋಣ.’

ಅವನು ಸ್ಕ್ರೂಡ್ರೈವರ್ ತರಲು ಓಡಿದ.

೪

ಊಟದ ಮೇಜಿನ ಮೇಲೆ (ಹಳದಿ ಚುಕ್ಕಿ) ಹಳೇ ಟವೆಲ್ ಹಾಸಿದರು. ಸ್ಕ್ರೂಗಳು ಎಲ್ಲೂ ಕಾಣಲಿಲ್ಲ. ಅಡಿಯ ರಬ್ಬರ್ ಕಾಲುಗಳನ್ನು ಅವನು ಉಗುರಿನಿಂದ ಎಬ್ಬಿಸಿದ, ಅಲ್ಲಿದ್ದವು. ಸ್ಕ್ರೂ ತೆಗೆದರೂ ಮುಚ್ಚಳ ಬಿಡಲಿಲ್ಲ, ಒಳಗಡೆ ಪ್ಲಾಸ್ಟಿಕ್ ಕೊಂಡಿ ಕಚ್ಚಿಕೊಂಡಿತ್ತು. ಅವಳು ಬ್ಯಾಗಿನಿಂದ ಮೇಣ ಕೊರೆಯುವ ಚಪ್ಪಟೆ ಚಾಕು ತೆಗೆದು ಸಂದಿನಲ್ಲಿ ತೂರಿಸಿ, ಒಂದೊಂದೇ ಕೊಂಡಿಯನ್ನು ಟಕ್ ಟಕ್ ಎಂದು ಬಿಡಿಸುತ್ತ ಬಂದಳು.

‘ಸ್ವಲ್ಪ ಎತ್ತಿ ಹಿಡ್ಕೋ.’

‘ಹಿಡಿದಿದ್ದೀನಿ. ನೀನು ನಿಧಾನ.’

‘ನಿಧಾನವಾಗೇ ಇದ್ದೀನಿ. ಬೆಳಕಿಗೆ ಅಡ್ಡ ಬರಬೇಡ.’

ನೋಡಿದಿರಾ! ನೀನು! ಇಬ್ಬರಿಗೂ ಗೊತ್ತಾಗದ ಹಾಗೆ ‘ನೀವು’ ಜಾರಿಬಿದ್ದಿತ್ತು. ಕಥೆಗಾರನಾದವನು ಇಂಥದ್ದನ್ನು ಬಿಡುತ್ತಾನೆಯೇ? ಕೂಡಲೇ ಬರೆದೆ: ‘ಅವಳ ಬೆರಳು ಅವನ ಬೆರಳಿಗೆ ತಾಗಿತು. ಇಬ್ಬರೂ ಒಂದು ಗಳಿಗೆ...’

‘ಸಾರ್’ ಎಂದಳು ಹಲ್ಲಿನವಳು, ತಲೆಯೆತ್ತದೆ. ‘ಬೆರಳು ತಾಗಿಸಿದ್ರೆ ಎದ್ದು ಹೋಗ್ತೀನಿ.’

‘ಅಲ್ಲಮ್ಮ, ಇಷ್ಟು ಚೆನ್ನಾಗಿ ಜೊತೆಗೆ ಕೆಲಸ ಮಾಡ್ತಿದ್ದೀರಲ್ಲ...’

‘ಲ್ಯಾಬಲ್ಲಿ ಪಕ್ಕದ ಟೇಬಲ್‌ನವರ ಜೊತೇನೂ ಚೆನ್ನಾಗಿ ಕೆಲಸ ಮಾಡ್ತೀನಿ. ಅವರನ್ನೆಲ್ಲ ಮದುವೆ ಆಗೋಕಾಗುತ್ತಾ?’

ಬೆರಳಿನ ವಾಕ್ಯ ಅಳಿಸಿದೆ. ಆದರೆ ಆ ವಾಕ್ಯ ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ಲಿಫ್ಟಿನವನಿಗೆ ಅಭ್ಯಂತರವೇನೂ ಇರಲಿಲ್ಲ ಎಂದು ನನ್ನ ಗುಮಾನಿ.

ಮುಚ್ಚಳ ಬಿಟ್ಟುಕೊಂಡಿತು. ಒಳಗೆ ಹಸಿರು ಸರ್ಕ್ಯೂಟ್ ಹಲಗೆಯ ಮೇಲೆಲ್ಲ ಕಂದು ಅಂಟು. ಆ ಅಂಟಿನಲ್ಲಿ ಇರುವೆಗಳು, ಕೆಲವು ಸತ್ತು, ಕೆಲವು ಇನ್ನೂ ಊಟದಲ್ಲಿ. ಅವಳು ಮೂಸಿ ನೋಡಿದಳು. ಅಡಾಪ್ಟರನ್ನೂ ಎತ್ತಿ ಮೂಸಿದಳು. ಅದರ ಸಂದಿಯಲ್ಲೂ ಅದೇ ಅಂಟು.

ಟೀ.

ಹಲ್ಲಿನವಳು ಕುಡಿಯುವುದು ಹಾಲು ಸಕ್ಕರೆ ಇಲ್ಲದ ಕಾಫಿ. ಲಿಫ್ಟಿನವನಿಗೆ ಡಯಾಬಿಟಿಸ್, ಟೀ ಮುಟ್ಟುವುದಿಲ್ಲ. ಲೋಟದ ತಳದಲ್ಲಿ ಕರಗದೇ ಉಳಿಯುವಷ್ಟು ಸಕ್ಕರೆ ಹಾಕಿಕೊಂಡು ಟೀ ಕುಡಿಯುವವರು ಆ ಮನೆಯಲ್ಲಿ ಒಬ್ಬರೇ.

ಇಬ್ಬರೂ ಅಡುಗೆಮನೆಯ ಕಡೆ ತಿರುಗಿದರು.

ಐದು ಅಂತ ನಂಬರ್ ಹಾಕಬೇಕಿತ್ತು, ಮುದುಕಿ ಕಾಯಲಿಲ್ಲ

ಕರೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ.

‘ಹೌದು. ನಾನೇ ಸುರಿದೆ. ಒಂದು ಲೋಟ ಪೂರ್ತಿ. ಕೈತಪ್ಪಿ ಅಲ್ಲ.’

ಲಿಫ್ಟಿನವನ ಮುಖ ಕರಗಿತು. ನಾನೂ ಕರಗಿದೆ, ಸುಳ್ಳು ಹೇಳುವುದಿಲ್ಲ. ಸಂಸಾರ ಉಳಿಸಲು ಹೊರಟ ತಾಯಿ! ಎಂಥ ಒಳ್ಳೇ ತಿರುವು!

‘ಅಮ್ಮ’ ಎಂದ ಅವನು, ‘ನಮ್ಮಿಬ್ಬರನ್ನ ಒಂದು ಮಾಡೋಕೆ ನೀನು...’

‘ನಿಮ್ಮಿಬ್ಬರನ್ನ ಒಂದು ಮಾಡೋಕೆ ನನಗೇನು ತಲೆ ಕೆಟ್ಟಿದೆಯಾ?’ ಎಂದಳು ಮುದುಕಿ. ‘ನಿನ್ನ ಜೊತೆ ಇವಳು ಇಷ್ಟು ವರ್ಷ ಇದ್ದಿದ್ದೇ ಹೆಚ್ಚು. ಹೋಗಲಿ ಅವಳು. ನಾನು ಕೇಳೋದು ಬೇರೆ. ಈ ಮನೇಲಿ ಎಲ್ಲದಕ್ಕೂ ಚುಕ್ಕಿ ಅಂಟಿಸಿದೀರಿ. ಜರಡಿಗೂ ಅಂಟಿಸಿದೀರಿ. ನನಗೆ ಯಾವ ಬಣ್ಣ?’

ಮುದುಕಿ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು.

‘ನಾನು ಇಲ್ಲೇ ಓಡಾಡ್ತಾ ಇದ್ದೆ, ನೀವು ಅಂಟಿಸ್ತಾ ಇದ್ರಿ. ನಾನು ಎದ್ದರೆ ನಾನು ಕೂತಿದ್ದ ಕುರ್ಚಿಗೆ ಅಂಟಿಸಿದ್ರಿ. ಅಮ್ಮ ನಿನಗೆಲ್ಲಿ ಇರೋಕಿಷ್ಟ, ಅತ್ತೆ ನೀವೇನ್ಮಾಡ್ತೀರಿ, ಒಬ್ಬರಾದ್ರೂ ಕೇಳಿದ್ರಾ? ನ್ಯಾಯಾಧೀಶರು ಇವತ್ತು ಮುಗಿಸಿಬಿಡ್ತಾರೆ ಅಂತ ಗೊತ್ತಾಯ್ತು. ಮುಗಿದ ಮೇಲೆ ಯಾರು ಕೇಳ್ತಾರೆ? ಅದಕ್ಕೇ ಸುರಿದೆ. ಈಗ ಇಬ್ಬರೂ ನನ್ನ ಮುಖ ನೋಡ್ತಿದೀರಲ್ಲ, ಇಷ್ಟೇ ಬೇಕಾಗಿತ್ತು.’

‘ಇದರಲ್ಲಿ ಕೇಳೋದೇನಮ್ಮ? ನೀನು ನನ್ನ ಜೊತೆ ಇರ್ತೀಯ. ನಾನು ನೋಡ್ಕೊಳ್ಳಲ್ವಾ?’

‘ನೋಡ್ಕೋತೀಯ. ಲಿಫ್ಟ್ ನೋಡ್ಕೊಂಡ ಹಾಗೆ. ವರ್ಷಕ್ಕೊಂದ್ಸಲ ಬಂದು, ಅಲ್ಲಾಡಿಸಿ, ಸರಿಯಿದೆ ಅಂತ ಸಹಿ ಹಾಕಿ ಹೋಗ್ತೀಯ.’

ಮುದುಕಿ ಅವನನ್ನು ದಾಟಿ ಸೊಸೆಯ ಎದುರು ಬಂದು ನಿಂತಳು. ಅವಳ ದನಿ ಮೊದಲ ಸಲ ಇಳಿಯಿತು.

‘ನಾನು ನಿನ್ನ ಜೊತೆ ಬರ್ತೀನಿ ಕಣೇ. ನನ್ನದೇನೂ ಭಾರ ಇಲ್ಲ. ಅಡುಗೆ ಮಾಡಿಡ್ತೀನಿ. ನೀನು ಲ್ಯಾಬಿಂದ ಬರೋದು ತಡ ಆದ್ರೆ ಬಾಗಿಲು ತೆಗೆಯೋಕೊಬ್ಬರು ಬೇಕಲ್ವಾ?’

ಹಲ್ಲಿನವಳ ಕೈಯಲ್ಲಿ ಇನ್ನೂ ಆ ಚಪ್ಪಟೆ ಚಾಕು ಇತ್ತು. ಅದನ್ನು ಟವೆಲ್ಲಿನ ಮೇಲೆ, ಸ್ಕ್ರೂಗಳ ಪಕ್ಕದಲ್ಲಿ, ನೇರವಾಗಿ ಇಟ್ಟಳು.

‘ಆಗಲ್ಲ ಅತ್ತೆ.’

‘ಜಾಗ ಚಿಕ್ಕದು ಅಂತಾನಾ? ನಾನು ನೆಲದ ಮೇಲೆ...’

‘ಜಾಗದ ಮಾತಲ್ಲ. ನಿಮ್ಮ ಮೂಗು ಅವರದ್ದೇ. ಕೆಮ್ಮೋದು ಹಾಗೇ. ಬಾಗಿಲು ತೆಗೆದಾಗ ನೀವು ನಿಂತಿದ್ರೆ ನಾನು ಮತ್ತೆ ಈ ಮನೆಗೇ ಬಂದ ಹಾಗಾಗುತ್ತೆ. ನನಗೆ ಇಲ್ಲಿಂದ ಏನೂ ಬೇಡ ಅತ್ತೆ. ಕೆಟ್ಟದ್ದೂ ಬೇಡ. ಒಳ್ಳೇದೂ ಬೇಡ.’

೬

ಇಲ್ಲಿ ನಾನು ಕಥೆ ನಿಲ್ಲಿಸಿ ಹಲ್ಲಿನವಳ ಜೊತೆ ಜಗಳವಾಡಿದೆ. ನೀವೂ ಕೇಳಬಹುದು.

‘ಓದುಗರು ನಿನಗೆ ಹಿಡಿಶಾಪ ಹಾಕ್ತಾರೆ’ ಎಂದೆ.

‘ಹಾಕಲಿ. ಅಷ್ಟು ಕರುಣೆ ಇದ್ದರೆ ಅವರ ಮನೆಗೆ ಕರ್ಕೊಂಡು ಹೋಗಲಿ.’

‘ನಿನ್ನ ಆಪರೇಷನ್ ಆದಾಗ ಏನಾಯ್ತು, ಮರೆತೆಯಾ?’

ಅವಳು ಟವೆಲ್ಲಿನ ಮೇಲಿನ ಸ್ಕ್ರೂ ಎಣಿಸತೊಡಗಿದಳು. ನಿಮಗೆ ನಾನೇ ಹೇಳುತ್ತೇನೆ. ಅವಳ ಗರ್ಭಕೋಶ ತೆಗೆದು, ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ, ಲಿಫ್ಟಿನವನು ಯಾವುದೋ ಹೊಸ ಕಟ್ಟಡದ ಲಿಫ್ಟಿನ ಮೇಲೆ ನಿಂತಿದ್ದ. ‘ಬರ್ತೀನಿ’ ಅಂದಿದ್ದ, ಬರಲಿಲ್ಲ. ಬಂದದ್ದು ಈ ಮುದುಕಿ. ಬಸ್ಸು ಬದಲಿಸಿಕೊಂಡು, ಒಂದು ದಿಂಬನ್ನು ಎದೆಗವಚಿಕೊಂಡು. ಟ್ಯಾಕ್ಸಿಯಲ್ಲಿ ಆ ದಿಂಬನ್ನು ಸೊಸೆಯ ಹೊಟ್ಟೆಗೆ ಒತ್ತಿ ಹಿಡಿದು, ರಸ್ತೆಯ ಒಂದೊಂದು ಗುಂಡಿಗೂ ‘ನಿಧಾನ, ನಿಧಾನ’ ಎಂದು ಡ್ರೈವರನ ಜೀವ ತಿಂದು ಮನೆಗೆ ಕರೆತಂದಳು. ಹಲ್ಲಿನವಳ ಮದುವೆ ಮುಗಿದದ್ದು ಅವತ್ತೇ ಎಂದು ನನಗನ್ನಿಸುತ್ತದೆ. ಆಮೇಲಿನದೆಲ್ಲ ಬರೀ ಕಾಗದಪತ್ರ.

ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನಿರುವುದು ಹೇಗೆ? ಮುದುಕಿಯ ಕಿವಿಯಲ್ಲಿ ಉಸುರಿದೆ: ‘ದಿಂಬಿನ ಮಾತು ಎತ್ತು. ಈಗಲೇ. ಅವಳು ಕರಗೇ ಕರಗ್ತಾಳೆ.’

ಮುದುಕಿ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತಿದೆ.

‘ಅದನ್ನ ಈಗ ಎತ್ತಿ ಆಡಿದರೆ ಅವತ್ತು ಹೋಗಿದ್ದೇ ಕೆಟ್ಟು ಹೋಗುತ್ತೆ. ನೀನು ಬರಿಯೋನು, ನಿನಗಿದೆಲ್ಲ ಸಾಮಾನು. ನನಗಲ್ಲ.’

ಹೇಳಿ, ಅವಳು ಬಾಯಿಂದ ಹಲ್ಲಿನ ಸೆಟ್ ತೆಗೆದು, ಒಸಡು ತಿಕ್ಕಿಕೊಂಡು, ಮತ್ತೆ ಹಾಕಿಕೊಂಡಳು. ಅದು ಸೊಸೆ ಮಾಡಿಕೊಟ್ಟ ಹಲ್ಲು. ಎಡಗಡೆ ಒತ್ತುತ್ತದೆ ಎಂದು ತಿಂಗಳಿಂದ ಹೇಳಬೇಕೆಂದಿದ್ದಳು. ಅದನ್ನೂ ಹೇಳಲಿಲ್ಲ.

ಮತ್ತೆ ರೌಟರಿಗೆ

ಕಟುವಾದ ಮಾತು ಮುಗಿದ ಮನೆಯಲ್ಲಿ ಕೆಲಸ ಇದ್ದರೆ ಒಳ್ಳೆಯದು. ಹಲ್ಲಿನವಳು ಸ್ಪಿರಿಟ್ ಬಾಟಲಿ ತಂದಳು. ಹಲ್ಲಿನ ಮೇಲೆ ಬಣ್ಣ ಹಚ್ಚುವ ಮೃದುವಾದ ಬ್ರಷ್ ಅದ್ದಿ, ಹಲಗೆಯನ್ನು ತೊಳೆಯತೊಡಗಿದಳು. ಇರುವೆಗಳು ಸ್ಪಿರಿಟ್ಟಿನಲ್ಲಿ ತೇಲಿ ಬಂದವು. ಲಿಫ್ಟಿನವನು ಕರೆಂಟ್ ಅಳೆಯುವ ಮೀಟರಿನ ಎರಡು ಕಡ್ಡಿ ಹಿಡಿದು ಅಡಾಪ್ಟರ್ ಪರೀಕ್ಷಿಸಿದ.

‘ಇದು ಸತ್ತಿದೆ. ಕರೆಂಟೇ ಹೊರಗೆ ಬರ್ತಿಲ್ಲ. ಟೀ ಒಳಗೆ ಹೋಗಿ ಸುಟ್ಟಿದೆ.’

‘ಹಲಗೆ?’

‘ಹಲಗೆ ಬದುಕಿರಬಹುದು. ಅಡಾಪ್ಟರ್ ಹಾಕದೇ ಗೊತ್ತಾಗಲ್ಲ.’

ಮನೆಯ ಎಲ್ಲ ಡ್ರಾಯರ್ ಎಳೆದು ನೋಡಿದರು. ಹಳೇ ಫೋನುಗಳ ಚಾರ್ಜರ್, ಟ್ರಿಮ್ಮರಿನದು, ಯಾವುದರದೆಂದೇ ಗೊತ್ತಿಲ್ಲದವು. ಒಂದರ ವೋಲ್ಟೇಜ್ ಕೂಡಲಿಲ್ಲ, ಇನ್ನೊಂದರ ಪಿನ್ ಕೂಡಲಿಲ್ಲ. ಇಬ್ಬರ ಮಾತು ಮತ್ತೆ ‘ನೀವು’ ಆಗಿತ್ತು. ‘ನೀವು ಆ ಡಬ್ಬ ನೋಡಿದ್ರಾ?’ ‘ನೋಡಿದೆ. ನೀವು ಮಂಚದ ಕೆಳಗೆ ನೋಡಿ.’ ಹೊತ್ತು ಏರುತ್ತಿತ್ತು. ಹೇರ್ ಡ್ರೈಯರಿನ ಬಿಸಿಗಾಳಿಗೆ ಹಲಗೆ ಒಣಗಿತು. ವಕೀಲರ ಮೂರನೇ ಮಿಸ್ಡ್ ಕಾಲ್ ಬಚ್ಚಲಮನೆಯ ಕಿಟಕಿಯಲ್ಲಿಟ್ಟ ಫೋನಿಗೆ ಬಂದುಹೋಯಿತು.

ಆಗ ಮುದುಕಿ ತನ್ನ ಮೂಲೆಗೆ ಹೋದಳು. ಅವಳಿಗೊಂದು ಕಾಲು ಒತ್ತುವ ಯಂತ್ರವಿದೆ. ಸಾಯಂಕಾಲ ಪಾದ ಇಟ್ಟುಕೊಂಡು ಕೂತರೆ ಗುರ್ ಎಂದು ಒತ್ತುತ್ತದೆ. ಅದರ ಅಡಾಪ್ಟರನ್ನು ಗೋಡೆಯಿಂದ ಕಿತ್ತು, ತಂತಿ ಸುತ್ತಿ, ತಂದು ಮಗನ ಮುಂದೆ ಹಿಡಿದಳು.

‘ಇದು ಆಗುತ್ತಾ ನೋಡು.’

ಲಿಫ್ಟಿನವನು ಹಿಂದೆ ಮುಂದೆ ತಿರುಗಿಸಿ ಓದಿದ. ವೋಲ್ಟೇಜ್ ಸರಿ ಇತ್ತು.

‘ಅತ್ತೆ...’ ಎಂದಳು ಹಲ್ಲಿನವಳು.

‘ಏನಿಲ್ಲ. ಬೇಡ ಅಂದವರ ಬಾಗಿಲು ಹಿಡ್ಕೊಂಡು ನಿಲ್ಲೋ ಅಭ್ಯಾಸ ನನಗಿಲ್ಲ. ಬೇಗ ಮುಗಿಸ್ಕೊಳ್ಳಿ.’

ರೌಟರನ್ನು ಚಪ್ಪಲಿ ಕಪಾಟಿನ ಮೇಲೆ ವಾಪಸ್ ಇಟ್ಟು ಚುಚ್ಚಿದರು. ಪಿನ್ ಒಳಗೇನೋ ಹೋಯಿತು, ಆದರೆ ಸಡಿಲ. ಕೈಬಿಟ್ಟರೆ ದೀಪ ಆರುತ್ತದೆ, ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಹತ್ತುತ್ತದೆ. ಟೇಪ್ ಸುತ್ತಿದರು, ಜಾರಿತು. ಕಾಗದ ಮಡಿಚಿ ತುರುಕಿದರು, ಬಿತ್ತು. ವಿಚಾರಣೆಗೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬೊಬ್ಬರೇ ಇರಬೇಕು ಎಂದು ವಕೀಲರು ಒತ್ತಿ ಹೇಳಿದ್ದರು.

ಮುದುಕಿ ಒಂದು ಮಣೆ ಎಳೆದುಕೊಂಡು ಚಪ್ಪಲಿ ಕಪಾಟಿನ ಪಕ್ಕ ಕೂತಳು. ಕೈ ಎತ್ತಿ, ಹೆಬ್ಬೆರಳಿನಿಂದ ಪಿನ್ನನ್ನು ಒತ್ತಿ ಹಿಡಿದಳು. ದೀಪಗಳು ಒಂದೊಂದಾಗಿ ಹತ್ತಿದವು.

‘ಹೋಗಿ’ ಎಂದಳು.

೮

(ಏಳನೆಯದರಲ್ಲಿ ಲಿಫ್ಟಿನವನು ಅಳುತ್ತಿದ್ದ. ಅವನೇ ಬಂದು, ‘ಅದು ಬೇಡ ಸಾರ್, ಆಫೀಸಿನವರು ಯಾರಾದ್ರೂ ಓದಿದ್ರೆ’ ಎಂದ. ತೆಗೆದಿದ್ದೇನೆ.)

ನ್ಯಾಯಾಧೀಶರು ಪರದೆಯ ಮೇಲೆ ಬಂದರು. ಕೆಮ್ಮಿ, ಕಡತ ತಿರುವಿ, ಕೇಳಿದರು: ‘ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ್ದೀರಾ? ಯಾರ ಒತ್ತಾಯವೂ ಇಲ್ಲವಷ್ಟೆ?’

‘ಇಲ್ಲ’ ಎಂದ ಲಿಫ್ಟಿನವನು ಹಿಂದಿನ ಕೋಣೆಯಲ್ಲಿ. ಸ್ವಲ್ಪ ತಡೆದು ಅದೇ ‘ಇಲ್ಲ’ ಮುಂದಿನ ಕೋಣೆಯಲ್ಲಿ ಹಲ್ಲಿನವಳ ಫೋನಿನೊಳಗಿಂದ ಬಂತು. ಅವಳು ‘ಇಲ್ಲ’ ಎಂದಳು, ಅದು ಹಿಂದಿನ ಕೋಣೆಯಿಂದ ಮರುದನಿಸಿತು. ಬಾಗಿಲುಗಳು ತೆಳು. ಹಾಲ್‌ನಲ್ಲಿ ಕೂತವಳಿಗೆ ಎಲ್ಲವೂ ಎರಡೆರಡು ಸಲ ಕೇಳುತ್ತಿತ್ತು.

‘ಮತ್ತೆ ಕೂಡಿ ಬಾಳುವ ಸಾಧ್ಯತೆ?’

ಇಲ್ಲ. ಇಲ್ಲ. ಇಲ್ಲ. ಇಲ್ಲ.

‘ಮಕ್ಕಳು ಅಥವಾ ಬೇರೆ ಯಾರಾದರೂ ಅವಲಂಬಿತರು ಇದ್ದಾರೆಯೇ? ಅವರ ಬಗ್ಗೆ ಏನಾದರೂ ದಾಖಲಿಸಬೇಕೆ?’

ಎರಡು ಕೋಣೆಯಲ್ಲೂ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡು ನ್ಯಾಯಾಧೀಶರು ‘ಕೇಳಿಸುತ್ತಿದೆಯಾ?’ ಎಂದರು. ನೆಟ್‌ವರ್ಕ್ ಇತ್ತು. ಮುದುಕಿ ಒತ್ತಿ ಹಿಡಿದಿದ್ದಳು.

‘ಇಲ್ಲ ಸ್ವಾಮಿ’ ಎಂದ ಲಿಫ್ಟಿನವನು. ‘ಮಕ್ಕಳಿಲ್ಲ.’

‘ಬೇರೆ ಯಾರಾದರೂ ಇದ್ದಾರೆಯೇ ಎಂದೂ ಕೇಳಿದೆ.’

‘ಯಾರೂ ಇಲ್ಲ’ ಎಂದಳು ಹಲ್ಲಿನವಳು.

ಯಾರೂ ಇಲ್ಲ, ಎಂದಿತು ಹಿಂದಿನ ಕೋಣೆ.

ನಾನು ಓಡಿಹೋಗಿ ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ‘ಬಿಡು’ ಎಂದೆ. ‘ಈಗಲೇ ಬೆರಳು ತೆಗಿ. ಎಲ್ಲ ನಿಂತುಹೋಗಲಿ. ನಿನಗೆ ಹಕ್ಕಿದೆ. ಓದುಗರು ಎದ್ದು ನಿಂತು ಚಪ್ಪಾಳೆ ಹೊಡೀತಾರೆ.’

‘ಬಿಟ್ಟರೆ ಏನಾಗುತ್ತೆ?’ ಎಂದಳು ಮುದುಕಿ, ಪಿನ್ನಿನಿಂದ ಕಣ್ಣು ಕೀಳದೆ. ‘ಇನ್ನೊಬ್ಬ ನ್ಯಾಯಾಧೀಶರು ಬರ್ತಾರೆ. ಇದೇ ಪ್ರಶ್ನೆ ಕೇಳ್ತಾರೆ. ಇವರು ಇದೇ ಉತ್ತರ ಕೊಡ್ತಾರೆ. ಎರಡನೇ ಸಲ ನಾನು ಕೇಳಿಸ್ಕೋಬೇಕಾ?’

೯

ನ್ಯಾಯಾಧೀಶರು ಆದೇಶ ಹೇಳಿ ಬರೆಸುತ್ತಿದ್ದಾರೆ. ಉದ್ದದ ವಾಕ್ಯಗಳು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಾವು ಮುಕ್ತಾಯ ಹುಡುಕೋಣ. ನನ್ನ ಹತ್ತಿರ ಕೆಲವಿವೆ.

ಸಾಮಾನಿನ ವ್ಯಾನ್ ಹೊರಡುತ್ತದೆ. ತಿರುವಿನಲ್ಲಿ ನಿಲ್ಲುತ್ತದೆ. ಹಲ್ಲಿನವಳು ಇಳಿದು ಓಡಿಬಂದು ‘ಬನ್ನಿ ಅತ್ತೆ’ ಎನ್ನುತ್ತಾಳೆ. ಇದನ್ನು ಹಲ್ಲಿನವಳಿಗೆ ತೋರಿಸಿದೆ. ‘ಚೆನ್ನಾಗಿದೆ. ಬರ್ಕೊಳ್ಳಿ. ಆದರೆ ಓಡಿಬರೋದು ನಾನಲ್ಲ, ಬೇರೆ ಯಾರನ್ನಾದರೂ ಹುಡುಕಿ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಾನು ಕೆಟ್ಟವಳು ಅಂತ ಬರೀಬೇಡಿ’ ಎಂದಳು. ಬರೆದಿಲ್ಲ. ಒಳ್ಳೆಯವಳು ಅಂತಲೂ ಬರೆದಿಲ್ಲ, ಗಮನಿಸಿ.

ಇನ್ನೊಂದು: ಮುದುಕಿಯನ್ನು ವೃದ್ಧರ ಮನೆಗೆ ಸೇರಿಸುತ್ತಾರೆ, ಅಲ್ಲಿ ಅವಳಿಗೆ ಓರಗೆಯ ಗೆಳತಿಯರು, ಕೈತೋಟ, ನಗು. ಮುದುಕಿ ಇದನ್ನು ಅರ್ಧ ಕೇಳಿ, ‘ನೀನು ಅಂಥ ಜಾಗ ನೋಡಿದೀಯಾ?’ ಎಂದಳು. ನೋಡಿಲ್ಲ. ‘ಹಾಗಾದರೆ ನಗು ಗಿಗು ಬರೀಬೇಡ.’

ಮೂರನೆಯದನ್ನು ನಾನು ಬರೆದದ್ದಲ್ಲ. ಲಿಫ್ಟಿನವನೇ, ಅತ್ತ ಆದೇಶ ನಡೆಯುತ್ತಿರುವಾಗ, ಫೋನ್ ಮ್ಯೂಟ್ ಮಾಡಿ ನನ್ನನ್ನು ಕರೆದ.

‘ಸಾರ್, ನಾನು ಬದಲಾಗ್ತೀನಿ ಅಂತ ಬರೀರಿ. ಅಮ್ಮನ ಜೊತೆ ಕೂತು ಮಾತಾಡ್ತೀನಿ. ಊಟ ಆಯ್ತಾ ಅಂತ ಕೇಳ್ತೀನಿ. ಟೀ ಮಾಡ್ಕೊಡ್ತೀನಿ. ಬರೆದುಬಿಡಿ, ನೀವು ಬರೆದರೆ ಆಗುತ್ತೆ.’

ಅವನ ಕಣ್ಣಲ್ಲಿ ನಿಜವಾಗಿಯೂ ಆಸೆ ಇತ್ತು. ನಾನು ಬರೆದೆ. ‘ಲಿಫ್ಟಿನವನು ತಾಯಿಯ ಪಕ್ಕ ಬಂದು ಕೂತು, ಕಾಲು ನೋಯ್ತಿದೆಯಾ ಅಮ್ಮ ಎಂದು ಕೇಳಿದ.’ ಅವನು ಓದಿದ. ‘ಹಾ, ಹೀಗೇ’ ಎಂದ. ಮುಂದಿನ ವಾಕ್ಯ ತಾನಾಗಿಯೇ ಬಂತು: ‘ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು, ಅವನು ಎದ್ದು ಹೊರಗೆ ಹೋದ.’

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಆ ವಾಕ್ಯದ ಮೇಲೆ ಅನುಮಾನವಿರಲಿಲ್ಲ. ಅವನು ಮ್ಯೂಟ್ ತೆಗೆದ.

೧೦

ಆದೇಶ ಮುಗಿಯಿತು. ಮದುವೆ ರದ್ದಾಯಿತು. ನ್ಯಾಯಾಧೀಶರು ‘ಮುಂದಿನವರು’ ಎಂದರು.

ಎರಡು ಬಾಗಿಲೂ ಒಟ್ಟಿಗೇ ತೆರೆದವು. ಇಬ್ಬರೂ ಹಾಲ್‌ಗೆ ಬಂದು, ಒಬ್ಬರನ್ನೊಬ್ಬರು ನೋಡದೆ, ಫೋನ್ ನೋಡುತ್ತ ನಿಂತರು. ಮುದುಕಿಯ ಎತ್ತಿದ ಕೈ ಭುಜದಿಂದ ನಡುಗುತ್ತಿತ್ತು. ಹೆಬ್ಬೆರಳಿನ ತುದಿ ಬಿಳಿಚಿತ್ತು.

‘ಮುಗೀತಾ?’

‘ಹೂಂ.’

‘ಕೈ ತೆಗೀಲಾ?’

‘ಒಂದ್ನಿಮಿಷ ಇರಮ್ಮ’ ಎಂದ ಮಗ, ಪರದೆಯ ಮೇಲೆ ಬೆರಳಾಡಿಸುತ್ತ. ‘ಆದೇಶದ ಪ್ರತಿ ಡೌನ್‌ಲೋಡ್ ಆಗ್ತಿದೆ.’

‘ನಂದೂ ಇನ್ನೂ ಬಂದಿಲ್ಲ ಅತ್ತೆ’ ಎಂದಳು ಹಲ್ಲಿನವಳು. ಎಂದವಳು ತಡೆದಳು. ಆ ಪದ ಈಗ ಸರಿಯೋ ತಪ್ಪೋ, ಬೇರೆ ಏನು ಕರೆಯಬೇಕೋ ಹೊಳೆಯದೆ, ಬಾಯಿ ಅರ್ಧ ತೆರೆದು ನಿಂತಳು.

ಮುದುಕಿ ಕೈ ಬದಲಾಯಿಸಿದಳು. ಬಲಗೈಯ ಹೆಬ್ಬೆರಳು ಎತ್ತುವ ಮೊದಲೇ ಎಡಗೈಯದನ್ನು ತಂದು ಒತ್ತಿದಳು. ದೀಪ ಮಿಣುಕಲೂ ಇಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಮುಗಿಸುವುದಿಲ್ಲ, ನಿಲ್ಲಿಸುತ್ತೇನೆ. ಮುಂದೆ ಏನಾಗಬೇಕಾದರೂ ಮೊದಲು ಯಾರಾದರೊಬ್ಬರು ಅವಳಿಗೆ ‘ತೆಗಿ’ ಎನ್ನಬೇಕು. ಮಗ ಫೋನ್ ನೋಡುತ್ತಿದ್ದಾನೆ. ಸೊಸೆ, ಅಥವಾ ಸೊಸೆಯಾಗಿದ್ದವಳು, ಪದ ಹುಡುಕುತ್ತಿದ್ದಾಳೆ. ನಾನು ಹೇಳಬಹುದಿತ್ತು. ಆದರೆ ಅವಳು ಕೈ ತೆಗೆದರೆ ಈ ಹಾಲ್, ಈ ಇಬ್ಬರು, ಇವರ ಹಿಂದೆ ಬಿದ್ದ ನಾನು, ಎಲ್ಲ ಆರಿಹೋಗುತ್ತೇವೆ. ನನಗೂ ಇನ್ನೊಂದು ಪುಟದ ಆಸೆ. ಅವರಿಗಿಂತ ನಾನೇನೂ ಉತ್ತಮನಲ್ಲ. ನೀವಾದರೂ, ಓದುಗರೇ, ಇಷ್ಟು ಹೊತ್ತು ಸುಮ್ಮನೆ ಕೂತು ಓದುತ್ತಲೇ ಇದ್ದೀರಿ.

‘ಯಾರಿಗಾದ್ರೂ ಕೇಳಿಸ್ತಾ?’ ಎನ್ನುತ್ತಿದ್ದಾಳೆ ಮುದುಕಿ. ‘ಕೈ ತೆಗೀಲಾ ಅಂದೆ.’